ಅಂಚೆ ಚೆಸ್ ವಿಶ್ಲೇಷಣೆ: ಬೋರ್ಡ್ ಒಳ್ಳೆಯದೋ, ಎಂಜಿನ್ನೋ?

ಅಂಚೆ ಚೆಸ್ ಅಂದರೆ ನಡೆಗಳನ್ನು ಪತ್ರದಲ್ಲಿ ಬರೆದು ಕಳಿಸಿ ಆಡುವ ಚೆಸ್. ಅಂಥ ಒಂದೇ ಆಟವನ್ನು ಎರಡು ರೀತಿಯಲ್ಲಿ ಬಿಡಿಸಿ ನೋಡಿದೆ. ಮೊದಲು ಬೋರ್ಡ್, ಕಾಯಿ, ಒಂದು ನೋಟ್‌ಬುಕ್ ಇಟ್ಟುಕೊಂಡು. ಆಮೇಲೆ ಸ್ಟಾಕ್‌ಫಿಶ್ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹಾಕಿ. ಆಟ ಎಸ್ಟ್ರಿನ್ ಮತ್ತು ಹ್ಯಾನ್ಸ್ ಬರ್ಲಿನರ್ ನಡುವಿನದು. 1965ರಲ್ಲಿ ಶುರುವಾದ 5ನೇ ವಿಶ್ವ ಅಂಚೆ ಚೆಸ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಆಡಿದ್ದು. ಕಪ್ಪು ಕಾಯಿ ಹಿಡಿದ ಬರ್ಲಿನರ್ ಈ ಆಟವನ್ನೂ ಗೆದ್ದರು, ಚಾಂಪಿಯನ್ ಕೂಡ ಆದರು.

10ನೇ ನಡೆಯಲ್ಲಿ ಕಪ್ಪಿನ ಎರಡು ಕಾಯಿಗಳು ಒಟ್ಟಿಗೆ ಅಪಾಯದಲ್ಲಿವೆ: ಡಿ4ರ (ಡಿ ಕಂಬಸಾಲಿನ 4ನೇ ಮನೆ) ಕುದುರೆ, ಜಿ4ರ ಒಂಟೆ. ಬರ್ಲಿನರ್ ಎರಡನ್ನೂ ಹಾಗೇ ಬಿಟ್ಟು ಕಾಲಾಳನ್ನು ಇ4ಕ್ಕೆ ತಳ್ಳಿದರು. ಕುದುರೆ ಹೋಯಿತು. ಇಲ್ಲಿ ಎಂಜಿನ್ ಯಾರ ಕೈ ಎಷ್ಟು ಮೇಲು ಅಂತ ಒಂದು ಅಂಕಿ ತೋರಿಸುತ್ತದೆ, ಅಷ್ಟೇ. ಬೋರ್ಡ್ ಮೇಲೆ ಕಣ್ಣಿಗೆ ಬೀಳುವುದು ಬೇರೆ. ಬಿಳಿಯ ಎ1 ಆನೆ, ಬಿ1 ಕುದುರೆ, ಸಿ1 ಒಂಟೆ 18ನೇ ನಡೆಯಾದರೂ ಮನೆ ಬಿಟ್ಟು ಕದಲಿಲ್ಲ. ಒಂದು ಕುದುರೆ ಜಾಸ್ತಿ ಇದ್ದು ಏನು ಬಂತು?

ನನಗೆ ತುಂಬ ಇಷ್ಟವಾದದ್ದು 14ನೇ ನಡೆ. ಎಫ್3ರಲ್ಲಿ ಬಿಳಿ ಆನೆ ತಿನ್ನಲು ಸಿಗುತ್ತಿದೆ. ಯಾರಾದರೂ ತಿಂದುಬಿಡುತ್ತಾರೆ, ಅಲ್ವಾ? ಬರ್ಲಿನರ್ ತಿನ್ನದೆ ತಮ್ಮ ಆನೆಯನ್ನು ಬಿ8ಕ್ಕೆ ಇಟ್ಟರು. ಯಾಕೆ ಅಂತ ಬೋರ್ಡ್ ಮುಂದೆ ಕೂತು ಎರಡೂ ದಾರಿ ಆಡಿ ನೋಡಿದೆ. ಕೂಡಲೇ ತಿಂದರೆ ಬಿಳಿ ರಾಣಿ ಎಫ್3ಕ್ಕೆ ಬಂದು ಕೂರುತ್ತಾಳೆ. ಅಲ್ಲಿಂದ ಡಿ5ರ ಕುದುರೆ, ಎಫ್7ರ ಕಾಲಾಳು ಎರಡರ ಮೇಲೂ ಅವಳ ಕಣ್ಣು. ಬಿ8ಕ್ಕೆ ಆನೆ ಬಂದರೆ ಬಿ5ರ ಬಿಳಿ ಒಂಟೆಗೆ ಏಟು. ಅದು ಇ2ಕ್ಕೆ ಹಿಂದೆ ಸರಿಯಿತು, ಆಮೇಲೆ ಎಫ್3ರಲ್ಲಿ ತಿಂದದ್ದೂ ಅದೇ ಒಂಟೆ. ರಾಣಿ ಡಿ1ರಲ್ಲೇ ಉಳಿದಳು. ನಾಲ್ಕು ನಡೆ ಕಳೆದ ಮೇಲೆ ಅದೇ ಆನೆ ಬಿ6ಕ್ಕೆ ಏರುತ್ತದೆ, ಎಚ್6ಕ್ಕೆ ಹೋಗಿ ಎಚ್1ರ ರಾಜನಿಗೆ ಚೆಕ್ ಕೊಡಲು. ಒಂದು ನಡೆಗೆ ಎರಡು ಕೆಲಸ!

ಎಂಜಿನ್ ನಡೆಗಳ ಸಾಲು ಕೊಡುತ್ತದೆ, ಈ ಕಾರಣವನ್ನು ಕೊಡುವುದಿಲ್ಲ. ಆದರೆ ನೋಟ್‌ಬುಕ್‌ನಲ್ಲಿ ಬರೆದ ಸಾಲು ಗಟ್ಟಿಯೋ ಪೊಳ್ಳೋ ಅಂತ ಪರೀಕ್ಷಿಸಲು ಅದಕ್ಕೆ ಸಮ ಯಾವುದೂ ಇಲ್ಲ. ಎದುರಾಳಿಯ ಪರವಾಗಿ ಅಷ್ಟು ನಿಷ್ಠೆಯಿಂದ ಹುಡುಕುವ ತಾಳ್ಮೆ ಮನುಷ್ಯರಿಗೆ ಕಷ್ಟ. ಹಾಗಾಗಿ ನನ್ನ ಮಟ್ಟಿಗೆ ಬೋರ್ಡೇ ಮೊದಲು, ಎಂಜಿನ್ ಆಮೇಲೆ. ಮೊದಲೇ ಎಂಜಿನ್ ಹಾಕಿದರೆ ಆ ಬಿ8 ನಡೆಯನ್ನು ಸುಮ್ನೆ ದಾಟಿಕೊಂಡು ಹೋಗುತ್ತೇವೆ. ಅದು ನಿಜಕ್ಕೂ ನಷ್ಟ.

ಇದು ಮುಗಿದ ಆಟದ ಮಾತು. ನಡೆಯುತ್ತಿರುವ ಆಟವಾದರೆ ನಿಯಮ ನೋಡಿಕೊಳ್ಳಿ. ಅಂತಾರಾಷ್ಟ್ರೀಯ ಅಂಚೆ ಚೆಸ್ ಒಕ್ಕೂಟದ ಆಟಗಳಲ್ಲಿ ಎಂಜಿನ್‌ಗೆ ಅನುಮತಿ ಇದೆ. ಲಿಚೆಸ್ ಎಂಬ ಚೆಸ್ ವೆಬ್‌ಸೈಟ್‌ನಲ್ಲಿ ದಿನಗಟ್ಟಲೆ ಆಡುವ ಆಟಗಳಿಗೆ ಆರಂಭದ ನಡೆಗಳ ಪುಸ್ತಕ ನೋಡಬಹುದು, ಎಂಜಿನ್ ಹಾಕುವಂತಿಲ್ಲ.

ರಾಜ, ಆನೆ, ಕಾಲಾಳುಗಳಷ್ಟೇ ಉಳಿದ ಕೊನೆಯ ಆಟದಲ್ಲೂ ಬೋರ್ಡೇ ಚೆನ್ನಾಗಿ ಕಲಿಸಿತು. 31ನೇ ನಡೆಯಲ್ಲಿ ಬರ್ಲಿನರ್ ಎಫ್7ರ ಕಾಲಾಳನ್ನು ಕೊಟ್ಟು ಆನೆಯನ್ನು ಸಿ8ಕ್ಕೆ ತಂದರು, ಮುಂದಿನ ನಡೆಗೆ ಸಿ7ಕ್ಕೆ. ಬಿಳಿ ಆನೆಗೆ ಆನೆ ಬದಲಾಯಿಸಿಕೊಂಡರೆ ಕಪ್ಪಿನ ಎಚ್ ಕಾಲಾಳನ್ನು ಹಿಡಿಯಲು ಬಿಳಿ ರಾಜ ಆ ಬದಿಗೇ ಹೋಗಬೇಕು. ಅಷ್ಟರಲ್ಲಿ ಕಪ್ಪು ರಾಜ ಡಿ3, ಬಿ2ರ ಕಾಲಾಳು ಎರಡನ್ನೂ ತಿಂದು ಮುಗಿಸುತ್ತಾನೆ. ಬೆರಳಲ್ಲಿ ಎಣಿಸಿದರೂ ಗೊತ್ತಾಗುವ ಲೆಕ್ಕ. ಏಳು ಕಾಯಿಗಳವರೆಗಿನ ಅಂತ್ಯದಾಟಗಳಿಗೆ ಪಕ್ಕಾ ಉತ್ತರ ಕೊಡುವ ಟೇಬಲ್‌ಬೇಸ್ ಕೂಡ ಈಗ ಇದೆ. ಆದರೆ ಈ ಆಟದಲ್ಲಿ ಬೋರ್ಡ್ ಮೇಲೆ ಏಳೇ ಕಾಯಿ ಉಳಿದದ್ದು ಬಿಳಿಯ 42ನೇ ನಡೆಯಲ್ಲಿ. ಕಪ್ಪು ಬಿ3ಕ್ಕೆ ಕಾಲಾಳು ಇಟ್ಟಿತು, ಎಸ್ಟ್ರಿನ್ ಸೋಲೊಪ್ಪಿಕೊಂಡರು.