ಬ್ರೇಕ್ ಒತ್ತಿದರೆ ಹಿಂದಿನ ಲೈಟ್ ಮಂಕಾಗುತ್ತಿದೆಯಾ? ಫ್ಯೂಸಿಗೆ ತಂತಿ ಸುತ್ತಲು ಬಿಡಬೇಡಿ

ಹಳೇ ಪಿಕಪ್ ಇಟ್ಟುಕೊಂಡವರು ಕತ್ತಲಾದ ಮೇಲೆ ಒಂದು ಕೆಲಸ ಮಾಡಿ ನೋಡಿ. ಪಾರ್ಕಿಂಗ್ ಲೈಟ್ ಹಾಕಿ. ಗಾಡಿ ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಒತ್ತಿ. ಕೆಂಪು ಬೆಳಕು ಜಾಸ್ತಿ ಆಗಬೇಕು. ಅದರ ಬದಲು ಮಂಕಾದರೆ, ಇಲ್ಲವೇ ಬ್ರೇಕ್ ಜೊತೆಗೆ ಇಂಡಿಕೇಟರೂ ಸಣ್ಣಗೆ ಉರಿದರೆ, ಯಾವ ಅಂಗಡಿಗೂ ಹೋಗುವ ಮೊದಲು ಇದನ್ನು ಓದಿ.

ನಮ್ಮದು ಗಂಗಾವತಿ ಕಡೆ. ಸುಗ್ಗಿಯಲ್ಲಿ ಪಿಕಪ್ಪಿನಲ್ಲಿ ಭತ್ತದ ಲೋಡ್ ಹೊಡೆಯುತ್ತೇವೆ, ನಾಟಿ ಹೊತ್ತಿಗೆ ಕ್ಯಾಂಪ್ ಅನ್ನುವ ಇಲ್ಲಿನ ಹಳ್ಳಿಗಳಿಗೆ ಗೊಬ್ಬರ. 8 ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಬೇಕಲ್ವಾ, ಆ ಕಾರಣಕ್ಕೇ ಲೈಟ್ ರಿಪೇರಿಗೆ ಬಿಟ್ಟೆವು. ಪಾರ್ಕಿಂಗ್ ಆಫ್ ಇದ್ದಾಗ ಬ್ರೇಕ್ ಒತ್ತಿದರೆ ಮೀಟರ್ ಬೋರ್ಡಿನ ಲೈಟ್ ತಾನಾಗಿ ಮಿಣುಕುತ್ತಿತ್ತು. ಕೆಲಸ ಬಲ್ಲವರಿಗೆ ಅಷ್ಟೇ ಸಾಕಿತ್ತು, ಅರ್ಥಿಂಗ್, ಅಂದರೆ ಕರೆಂಟು ಗಾಡಿಯ ಲೋಹದ ಮೂಲಕ ಬ್ಯಾಟರಿ ಮೈನಸಿಗೆ ವಾಪಸ್ ಹೋಗುವ ದಾರಿ, ಹೋಗಿದೆ ಅಂತ ಗೊತ್ತಾಗಬೇಕಿತ್ತು.

ಅಂಗಡಿಯ ಹೆಸರು ಬೇಡ. ಅಂಥದ್ದು ಊರಿಗೊಂದು ಇದ್ದೇ ಇದೆ. ಅಲ್ಲಿನ ಹುಡುಗ ಮೊದಲು ಬಲ್ಬ್ ಬದಲಿಸಿದ. ಆಮೇಲೆ ಇಂಡಿಕೇಟರ್ ಮಿನುಗಿಸುವ ಫ್ಲಾಶರ್. ಆಮೇಲೆ ಎರಡೂ ಕಡೆ ಬಲ್ಬ್ ಹೋಲ್ಡರ್. ಒಂದಕ್ಕೂ ಮಲ್ಟಿಮೀಟರ್ ಹಚ್ಚಿ ನೋಡಲಿಲ್ಲ, ಟೆಸ್ಟ್ ಲ್ಯಾಂಪ್ ಕೈಗೆ ತಗೊಳ್ಳಲಿಲ್ಲ. ಕೊನೆಗೆ "ವೈರಿಂಗ್ ಪೂರಾ ಹೋಗೇತ್ರಿ ಅಣ್ಣಾರ, ಡೈರೆಕ್ಟ್ ಕೊಡ್ತೀನಿ" ಅಂದ. ಫ್ಯೂಸ್ ಬಾಕ್ಸಿನಿಂದ ಹಿಂದಿನವರೆಗೆ ಹೊಸ ವೈರ್ ಎಳೆದ. ಚಾಸಿಯ ತೂತಿನೊಳಗೆ ರಬ್ಬರ್ ಇಲ್ಲದೆ ತೂರಿಸಿ, ಜಾಯಿಂಟ್ ತಿರುಚಿ, ಮೇಲೆ ಟೇಪ್ ಸುತ್ತಿದ. ಲೈಟ್ ಬಂತು. ದುಡ್ಡು ಕೊಟ್ಟು ಬಂದೆವು.

ಬಂದದ್ದು ಹೇಗೆ ಅಂದರೆ, ಹೊಸ ಹೋಲ್ಡರ್ ಬಿಗಿಯುವಾಗ ತುಕ್ಕು ಒಂದಿಷ್ಟು ಕೆದರಿ ಅರ್ಥ್ ಸಿಕ್ಕಿತ್ತು, ಅಷ್ಟೇ. ಮಳೆ ಬಿತ್ತು, ಗೊಬ್ಬರದ ಲೋಡ್ ಶುರುವಾಯಿತು, ಮತ್ತೆ ಅದೇ ಕಥೆ. ಇದರ ಜೊತೆಗೆ ಈಗ ಫ್ಯೂಸ್ ಬೇರೆ ಹಾರತೊಡಗಿತು. ತೂತಿನ ಅಂಚಿಗೆ ಹೊಸ ವೈರ್ ಉಜ್ಜಿ ಮೇಲಿನ ಸಿಪ್ಪೆ ಹರಿದಿತ್ತು. ಅವನು ಅದನ್ನು ಹುಡುಕಲಿಲ್ಲ. ಸುಟ್ಟ ಫ್ಯೂಸಿಗೆ ತಾಮ್ರದ ಎಳೆ ಸುತ್ತಿ ಕೂರಿಸಿ, "ಇನ್ನ ಏನೂ ಆಗಂಗಿಲ್ಲ ತಗೋರಿ" ಅಂದ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ. ಬ್ರೇಕ್ ಬಲ್ಬ್ 21 ವ್ಯಾಟಿನದು. ಎರಡು ಸೇರಿ 42. ಬ್ಯಾಟರಿ 12 ವೋಲ್ಟ್. ಅಂದರೆ ಮೂರೂವರೆ ಆಂಪಿಯರ್ ಮಾತ್ರ ಎಳೆಯುತ್ತದೆ. 10 ಆಂಪಿಯರಿನ ಕೆಂಪು ಫ್ಯೂಸ್ ಇಷ್ಟಕ್ಕೆ ಹಾರುವುದೇ ಇಲ್ಲ. ಹಾರಿತು ಅಂದರೆ ಎಲ್ಲೋ ಶಾರ್ಟ್ ಇದೆ. ಅಲ್ಲಿ ತಾಮ್ರದ ಎಳೆ ಹಾಕಿದರೆ ಫ್ಯೂಸ್ ಸುಡುವ ಬದಲು ವೈರ್ ಸುಡುತ್ತದೆ. ಕೆಂಪು ತೆಗೆದು ಹಳದಿ 20 ಹಾಕಿದರೂ ಅದೇ ತಪ್ಪು.

ನಮ್ಮದು ಸುಟ್ಟಿತು. ಸಿಂಧನೂರು ರಸ್ತೆಯಲ್ಲಿ, ಲೋಡ್ ಇದ್ದಾಗ, ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ ಬಂತು. ಓಡಿಸುತ್ತಿದ್ದ ತಮ್ಮನ ಹತ್ತಿರ 10ನೇ ನಂಬರಿನ ಪಾನಾ ಇತ್ತು, ಗಾಡಿ ನಿಲ್ಲಿಸಿ ಬ್ಯಾಟರಿಯ ಮೈನಸ್ ಬಿಚ್ಚಿದ. ಅಷ್ಟರಲ್ಲಿ ಆ ಒಂದು ವೈರ್ ಅಕ್ಕಪಕ್ಕದವನ್ನೂ ಕರಗಿಸಿತ್ತು. ಇಂಜಿನ್ ಕಡೆಯ ವೈರಿಂಗ್ ಕೂಡ ಬದಲಿಸಬೇಕಾಯಿತು. ಖರ್ಚು ಕೇಳಬೇಡಿ.

ಆಮೇಲೆ ನೋಡಿದ ಹಿರಿಯ ಎಲೆಕ್ಟ್ರಿಷಿಯನ್ ಬಲ್ಬ್ ಮುಟ್ಟಲೇ ಇಲ್ಲ. ಬ್ಯಾಟರಿ ಮೈನಸಿನಿಂದ ಉದ್ದನೆಯ ವೈರ್ ತಂದು ಹೋಲ್ಡರಿನ ಲೋಹಕ್ಕೆ ಹಿಡಿದರು. ಎರಡೂ ಲೈಟ್ ಝಗ್ ಅಂತ ಉರಿದವು. ಪ್ಲಸ್ ಸರಿಯಾಗಿ ಬರುತ್ತಿದೆ, ವಾಪಸ್ ಹೋಗುವ ದಾರಿ ಕಟ್ಟಿದೆ ಅಂತ ಅರ್ಥ. ಹಿಂದಿನ ಬಲ್ಬಿನಲ್ಲಿ 5 ವ್ಯಾಟ್ ಪಾರ್ಕಿಂಗಿಗೆ, 21 ವ್ಯಾಟ್ ಬ್ರೇಕಿಗೆ ಅಂತ ಎರಡು ಫಿಲಮೆಂಟ್ ಇರುತ್ತವೆ, ಅರ್ಥ್ ಮಾತ್ರ ಒಂದೇ. ಬಸಿಗಾಲುವೆ ಮುಚ್ಚಿದರೆ ನೀರು ಪಕ್ಕದ ಗದ್ದೆಗೆ ನುಗ್ಗುತ್ತದಲ್ಲ, ಹಾಗೆ ಬ್ರೇಕಿನ ಕರೆಂಟು ಪಾರ್ಕಿಂಗ್ ವೈರಿಗೆ, ಇಂಡಿಕೇಟರಿಗೆ, ಮೀಟರ್ ಬೋರ್ಡಿಗೆ ನುಗ್ಗುತ್ತದೆ. ಪಾರ್ಕಿಂಗ್ ಹಾಕಿ ಬ್ರೇಕೂ ಒತ್ತಿದರೆ ಎರಡೂ ಕಡೆಯಿಂದ ಪ್ಲಸ್ಸೇ ಬಂದು ಕರೆಂಟಿಗೆ ಹೋಗಲು ದಾರಿಯೇ ಇರುವುದಿಲ್ಲ. ಹಿಂದಿನ ಲಾರಿಯವನಿಗೆ ನಾವು ಕಾಣಲೇಬೇಕಾದ ಹೊತ್ತಿಗೆ ಗಾಡಿಯ ಹಿಂಭಾಗ ಕತ್ತಲು.

ತಪ್ಪಿದ್ದು ಎಡಗಡೆ ಲೈಟ್ ಹಿಂದಿನ ಅರ್ಥ್ ಬೋಲ್ಟಿನಲ್ಲಿ. ಗೊಬ್ಬರದ ಪುಡಿ ನೀರು ಹೀರಿ ಲೋಹವನ್ನು ತಿನ್ನುತ್ತದೆ. ತಾಮ್ರ ಹಸಿರಾಗಿ ಉದುರುತ್ತಿತ್ತು. ಮರಳು ಕಾಗದದಲ್ಲಿ ಚಾಸಿ ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಹಾಕಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಹಚ್ಚಿದರು. ಮೊದಲ ದಿನವೇ ಇಷ್ಟು ಮಾಡಿದ್ದರೆ ಸಾಕಿತ್ತು.

ಹೀಗೆ ಬ್ಯಾಟರಿ ಮೈನಸಿನ ವೈರ್ ಹಿಡಿದು ನೋಡುವುದನ್ನು ಮನೆಯಲ್ಲೇ ಮಾಡಬಹುದು. ಹೋಲ್ಡರ್ ಒಳಗಿನ ಪ್ಲಸ್ ತುದಿಗೆ ಮಾತ್ರ ತಾಗಿಸಬೇಡಿ. ಮಲ್ಟಿಮೀಟರ್ ಇದ್ದರೆ ಲೈಟ್ ಉರಿಯುವಾಗ ಒಂದು ಕಡ್ಡಿ ಬ್ಯಾಟರಿ ಮೈನಸಿಗೆ, ಇನ್ನೊಂದು ಹೋಲ್ಡರಿನ ಲೋಹಕ್ಕೆ ಹಿಡಿಯಿರಿ. ಸೊನ್ನೆಯ ಹತ್ತಿರ ತೋರಿಸಬೇಕು. ಒಂದೆರಡು ವೋಲ್ಟ್ ಬಂದರೂ ಅರ್ಥ್ ಕೆಟ್ಟಿದೆ. ಅಂಗಡಿಗೆ ಹೋದರೂ ಈ ಪರೀಕ್ಷೆ ಮಾಡದೆ "ಡೈರೆಕ್ಟ್" ಅಂದವರ ಹತ್ತಿರ ಗಾಡಿ ಬಿಡಬೇಡಿ. ಬಿಚ್ಚಿದ ಸಾಮಾನು ವಾಪಸ್ ಕೇಳಿ, ಫ್ಯೂಸ್ ಬಾಕ್ಸ್ ತೆಗೆದು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ಈಗ ಕೆಲವರು ಎಲ್ಇಡಿ ಹಾಕಿಸಿದರೆ ಎಲ್ಲ ಸರಿ ಅನ್ನುತ್ತಿದ್ದಾರೆ. ಅದಕ್ಕೂ ಅದೇ ಅರ್ಥ್ ಬೇಕು. ಹಳೇ ಫ್ಲಾಶರ್ ಇಟ್ಟುಕೊಂಡು ಇಂಡಿಕೇಟರಿಗೆ ಎಲ್ಇಡಿ ಹಾಕಿದರೆ ಲೋಡ್ ಕಡಿಮೆಯಾಗಿ ಟಕಟಕ ಅಂತ ಬೇಗ ಬೇಗ ಮಿನುಗುತ್ತದೆ. ಆಗ ಮತ್ತೆ ಅದೇ ಅಂಗಡಿಯವರು ಹೊಸ ಫ್ಲಾಶರ್ ಮಾರುತ್ತಾರೆ.