ಉಪಕರಣಗಳ ಜಿಗುಟಾದ ಹಿಡಿಗಳಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ (99%): ಬಹುಕಾಲದ ಬಳಕೆಯ ನಂತರ

ನಾಲ್ಕು ಸ್ಟಾರ್. ಒಂದು ಕಳೆದದ್ದು ‘ಎಲ್ಲ ಬಗೆಯ ರಬ್ಬರ್ ಲೇಪ ತೆಗೆಯುತ್ತದೆ’ ಎಂದು ಬಾಟಲಿಯ ಮೇಲೆ ಬರೆದುಕೊಂಡಿರುವುದಕ್ಕೆ. ತೆಗೆಯುವುದಿಲ್ಲ.

ಬೇಗ ಆರುವ ಈ ದ್ರವ ಚೆನ್ನಾಗಿ ಕೆಲಸ ಮಾಡುವುದು ಗಟ್ಟಿ ಪ್ಲಾಸ್ಟಿಕ್ ಹಿಡಿಯ ಮೇಲೆ ಪೇಂಟಿನಂತೆ ತೆಳ್ಳಗೆ ಬಳಿದ ಮೆತ್ತನೆಯ ಲೇಪಕ್ಕೆ. ಅದು ಹೆಚ್ಚಾಗಿ ಪಾಲಿಯುರಥೇನ್ ಎಂಬ ಪ್ಲಾಸ್ಟಿಕ್. ಗಾಳಿಯ ತೇವಕ್ಕೆ ಅದರ ಅಣುಸರಪಳಿ ತುಂಡಾಗುತ್ತಾ ಹೋಗಿ ಅಂಟಂಟಾಗುತ್ತದೆ. ಸ್ಕ್ರೂಡ್ರೈವರನ್ನು ಮುಟ್ಟದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೂ ಅಷ್ಟೇ. ಪೌಡರ್ ಹಾಕಿ ಒರೆಸುವುದು ನಾಲ್ಕು ದಿನದ ಉಪಾಯ.

ಹತ್ತಿ ಬಟ್ಟೆಯನ್ನು ಇದರಲ್ಲಿ ತೋಯಿಸಿ ಹಿಡಿಗೆ ಸುತ್ತಿ, ಆರದಂತೆ ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿ 5ರಿಂದ 10 ನಿಮಿಷ ಬಿಡಿ. ಆಮೇಲೆ ಬಿಗಿಯಾಗಿ ಒತ್ತಿ ಒಂದೇ ದಿಕ್ಕಿಗೆ ಎಳೆಯಿರಿ. ಲೇಪ ಮೊದಲು ಸುರುಳಿ ಸುರುಳಿಯಾಗಿ ಏಳುತ್ತದೆ, ಕೊನೆಕೊನೆಗೆ ಮಸಿಯಂತೆ ಬಟ್ಟೆಗೆ ಇಳಿಯುತ್ತದೆ. ಬಟ್ಟೆಯ ಮಗ್ಗುಲು ಬದಲಿಸುತ್ತಲೇ ಇರಬೇಕು, ಇಲ್ಲವಾದರೆ ಕರಗಿದ್ದನ್ನೇ ತಿರುಗಿ ಬಳಿದ ಹಾಗೆ. ಗೀರುಗಳಿಗೆ ಹಳೇ ಟೂತ್‌ಬ್ರಷ್. 70%ದ್ದೂ ನಡೆಯುತ್ತದೆ, ನೀರು ಹೆಚ್ಚಿರುವುದರಿಂದ ಉಜ್ಜುವ ಶ್ರಮ ಜಾಸ್ತಿ.

ಪಾರದರ್ಶಕ ಹಿಡಿಗಳಲ್ಲಿ ಹಲವು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ಜಾತಿಯವು. ಅವುಗಳಿಗೆ ಬಟ್ಟೆ ಸುತ್ತಿ ಬಿಡಬೇಡಿ, ಮಬ್ಬಾಗಬಹುದು, ಒರೆಸಿ ಮುಗಿಸಿ. ಬೇಗ ಆಗಲಿ ಎಂದು ಅಸಿಟೋನ್ ಅಥವಾ ಥಿನ್ನರ್ ಹಚ್ಚಿದರೆ ಅಸಿಟೇಟ್, ಎಬಿಎಸ್ (ಇನ್ನೊಂದು ಗಟ್ಟಿ ಪ್ಲಾಸ್ಟಿಕ್) ಎರಡೂ ಮೆತ್ತಗಾಗಿ ಬೆರಳಿನ ಗುರುತು ಹಿಡಿಯಲ್ಲೇ ಕೂತುಬಿಡುತ್ತದೆ.

ಇಕ್ಕಳದ ಕಾಲುಗಳಿಗೆ ಅದ್ದಿ ಹಾಕಿದ ಪಿವಿಸಿ ಕವಚದ ಮೇಲೆ ಈ ದ್ರವ ಸುರಿಯುವುದು ದಂಡ. ಅದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಉದ್ದಕ್ಕೆ ಬ್ಲೇಡಿನಲ್ಲಿ ಸೀಳಿ ಸುಲಿಯಬೇಕು. ಸುಟ್ಟು ತೆಗೆಯುವವರೂ ಇದ್ದಾರೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಏಳುತ್ತದೆ, ಗಂಟಲಿಗೂ ಕೆಟ್ಟದ್ದು, ಉಕ್ಕಿಗೂ ತುಕ್ಕು. ಅಚ್ಚಿನಲ್ಲೇ ದಪ್ಪಗೆ ಕೂರಿಸಿದ ರಬ್ಬರ್ ಹಿಡಿಯಾದರೆ ಮೇಲಿನ ಕೊಳೆ ಹೋಗುತ್ತದೆ, ಅಷ್ಟೇ.

1000 ವೋಲ್ಟ್ ಗುರುತಿರುವ ಉಪಕರಣಗಳಿಗೆ ಇದ್ಯಾವುದೂ ಬೇಡ. ಅಲ್ಲಿ ಲೇಪವೇ ವಿದ್ಯುತ್ ನಿರೋಧಕ. ಅದು ಹಾಳಾದರೆ ಕರೆಂಟಿನ ಕೆಲಸಕ್ಕೆ ಆ ಉಪಕರಣ ಮುಗಿದಂತೆ. ಮತ್ತೆ ಅದ್ದಿ ಹಾಕುವ ರಬ್ಬರ್ ದ್ರವ ಆ ರಕ್ಷಣೆಯನ್ನು ವಾಪಸ್ ಕೊಡುವುದಿಲ್ಲ.

ಐಸೋಪ್ರೊಪೈಲ್ ಆಲ್ಕೋಹಾಲಿನ ಆವಿ ಕೋಣೆಯ ಉಷ್ಣತೆಯಲ್ಲೇ ಹೊತ್ತಿಕೊಳ್ಳಬಲ್ಲದು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ, ಹೀಟ್ ಗನ್ ಬೇಡ, ಒದ್ದೆ ಬಟ್ಟೆ ಹೊರಗೆ ಆರಲಿ. ನೈಟ್ರೈಲ್ ಕೈಗವಸು ಸಾಕು. ಇನ್ನೊಂದು: ಹಿಡಿಯ ಮೇಲೆ ಮುದ್ರಿಸಿದ ಸೈಜು ಕೂಡ ಲೇಪದ ಜೊತೆಗೇ ಅಳಿಸಿಹೋಗುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.