ಮ್ಯಾಗ್ನೆಟಿಕ್ ಫ್ರಿಜ್ಜಿನಲ್ಲಿ ನೀರು ತಿರುಗಿಸುವುದು: ನಾನು ಕೈಯಾಡಿಸಿದ ನಾಲ್ಕು ಬಗೆ

ಗ್ಯಾಡೊಲಿನಿಯಂ ಎಂಬ ಲೋಹದ ತುಂಡನ್ನು ಕಾಂತದೊಳಗೆ ತಳ್ಳಿದರೆ ಬಿಸಿಯಾಗುತ್ತದೆ, ಹೊರಗೆಳೆದರೆ ತಣ್ಣಗಾಗುತ್ತದೆ. ಮ್ಯಾಗ್ನೆಟಿಕ್ ಫ್ರಿಜ್ ಅಂದರೆ ಇಷ್ಟೇ ಅಲ್ವಾ ಅಂದುಕೊಂಡು ಶುರು ಮಾಡಿದವನು ನಾನು. ಆದರೆ 1 ಟೆಸ್ಲಾ ಕಾಂತಕ್ಕೆ ಅದು ಕೊಡುವುದು ಸುಮಾರು 3 ಡಿಗ್ರಿ, ಅದೂ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಮಾತ್ರ. ಆ ಮೂರನ್ನು ಹತ್ತು ಹದಿನೈದು ಮಾಡುವ ಕೆಲಸ ನೀರಿನದು. ಕಾಂತ ಮೇಲಿದ್ದಾಗ ನೀರು ತಣ್ಣನೆ ತುದಿಯಿಂದ ಬಿಸಿ ತುದಿಗೆ ಹರಿಯಬೇಕು. ಕಾಂತ ಸರಿದ ಮೇಲೆ ಉಲ್ಟಾ ಹರಿಯಬೇಕು. ಪ್ರತಿ ಸುತ್ತಿಗೂ ಹೀಗೆ ತಿರುಗಿಸುವ ಸಾಧನ ಯಾವುದು ಅನ್ನುವುದರ ಮೇಲೆಯೇ ನನ್ನ ಯಂತ್ರ ನಿಂತಿತು, ಬಿತ್ತು.

ನನ್ನಲ್ಲಿದ್ದದ್ದು ಎರಡು ಬೆಡ್, ಅಂದರೆ ಲೋಹದ ಗುಂಡು ತುಂಬಿದ, ನೀರು ಹಾಯುವ ಡಬ್ಬಿಗಳು. ಒಂದೊಂದರಲ್ಲಿ ಸುಮಾರು 100 ಗ್ರಾಂ ಗ್ಯಾಡೊಲಿನಿಯಂ ಗುಂಡು, ಅರ್ಧ ಮಿ.ಮೀ. ಗಾತ್ರದವು. ನೀರಿಗೆ ತುಕ್ಕು ತಡೆಯುವ ದ್ರವ ಬೆರೆಸಿದ್ದೆ, ಇಲ್ಲದಿದ್ದರೆ ಈ ಲೋಹ ನೀರಿನಲ್ಲಿ ಕೆಡುತ್ತದೆ.

ಮೊದಲು ಮಾಡಿದ್ದು ಪಿಸ್ಟನ್. ಎರಡು ದೊಡ್ಡ ಸಿರಿಂಜ್, ನಡುವೆ ಬೆಡ್, ಹಿಂದೆ ಮುಂದೆ ತಳ್ಳಲು ಒಂದು ಮೋಟಾರ್. ವಾಲ್ವ್ ಅನ್ನುವುದೇ ಇಲ್ಲ. ಎಷ್ಟು ನೀರು ತಳ್ಳಿದೆ ಅನ್ನುವುದು ಸಿರಿಂಜಿನ ಗೆರೆಯಲ್ಲೇ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಆದರೆ ಒಂದೇ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಸಾಕು, ಪಿಸ್ಟನ್ ಸರಿಯುತ್ತದೆ, ಗುಳ್ಳೆ ಕುಗ್ಗುತ್ತದೆ, ಬೆಡ್ಡಿನ ನೀರು ಅಷ್ಟಾಗಿ ಅಲ್ಲಾಡುವುದಿಲ್ಲ. ಒಂದು ಇಡೀ ಸಂಜೆ ಹಾಳಾದದ್ದು ಹೀಗೆ.

ಪಿಸ್ಟನ್ನಿನ ನಿಜವಾದ ತೊಂದರೆ ಗೊತ್ತಾದದ್ದು ಒಂದು ಹನಿ ನೀಲಿ ಬಣ್ಣದಿಂದ. ತಣ್ಣನೆ ತುದಿಯ ಪಾರದರ್ಶಕ ಪೈಪಿನೊಳಗೆ ಅದನ್ನು ಬಿಟ್ಟೆ. ನೀಲಿ ಪಟ್ಟಿ ತಂಪನ್ನು ಹೊರಗೆ ಕೊಡುವ ಎಕ್ಸ್‌ಚೇಂಜರ್ ಕಡೆ ಹೊರಟಿತು, ಇನ್ನು ಎರಡು ಬೆರಳಗಲ ಇದೆ ಅನ್ನುವಾಗ ನಿಂತಿತು, ವಾಪಸ್ ಬಂತು. ಮತ್ತೆ ಹೊರಟಿತು, ಮತ್ತೆ ಬಂತು. ಹತ್ತು ನಿಮಿಷ ನೋಡಿದೆ. ಬೆಡ್ಡಿನಿಂದ ಬಂದ ತಂಪು ಮುಟ್ಟಬೇಕಾದ ಜಾಗ ಮುಟ್ಟುತ್ತಲೇ ಇಲ್ಲ, ಸುಮ್ನೆ ಉಯ್ಯಾಲೆ ಆಡುತ್ತಿದೆ. ಲೆಕ್ಕ ಹಾಕಿದರೆ ಆಶ್ಚರ್ಯವೇನೂ ಇಲ್ಲ: ಒಂದು ಸಲಕ್ಕೆ ನಾನು ತಳ್ಳುತ್ತಿದ್ದದ್ದು 5 ಮಿ.ಲೀ. ಒಳಗೆ 4 ಮಿ.ಮೀ. ಅಗಲದ ಪೈಪು 16 ಸೆಂ.ಮೀ. ಉದ್ದವಿದ್ದರೆ ಅದರಲ್ಲೇ 2 ಮಿ.ಲೀ. ನಿಲ್ಲುತ್ತದೆ. ಅಂದರೆ 40 ಸೆಂ.ಮೀ. ಪೈಪಿನಲ್ಲೇ ಪೂರ್ತಿ 5 ಮಿ.ಲೀ. ಮುಗಿಯಿತು. ನನ್ನ ಪೈಪು ಅದಕ್ಕಿಂತ ಜಾಸ್ತಿಯೇ ಉದ್ದವಿತ್ತು.

ಈ ಸತ್ತ ನೀರನ್ನು ಕಡಿಮೆ ಮಾಡಲು ಹೋಗುವ ಮತ್ತು ಬರುವ ದಾರಿ ಬೇರೆ ಮಾಡಬೇಕು. ಎಕ್ಸ್‌ಚೇಂಜರಿನಲ್ಲಿ ನೀರು ಯಾವಾಗಲೂ ಒಂದೇ ದಿಕ್ಕಿಗೆ ಹರಿಯಬೇಕು. ಹಾಗೆ ಸೊಲೆನಾಯ್ಡ್ ವಾಲ್ವಿಗೆ, ಅಂದರೆ ಕರೆಂಟಿನ ಕಾಯಿಲ್ ತೆರೆದು ಮುಚ್ಚುವ ವಾಲ್ವಿಗೆ ಬಂದೆ. ಒಂದು ಪಂಪು ಸದಾ ಓಡುತ್ತಿರುತ್ತದೆ, ನೀರು ಯಾವ ಬೆಡ್ಡಿಗೆ ಹೋಗಬೇಕೆಂದು ವಾಲ್ವ್‌ಗಳು ತೀರ್ಮಾನಿಸುತ್ತವೆ. ಇದರ ಸುಖ ಏನೆಂದರೆ ಸಮಯವನ್ನು ಕಂಪ್ಯೂಟರಿನಲ್ಲಿ ಕೂತು ಬದಲಾಯಿಸಬಹುದು. ಕಾಂತ ಪೂರ್ತಿ ಆವರಿಸುವ ಮುಂಚೆಯೇ ವಾಲ್ವ್ ತೆರೆದರೆ ಬಿಸಿ, ತಣ್ಣನೆ ತುದಿಗಳ ತಾಪಮಾನದ ಅಂತರ ಕುಸಿಯುವುದನ್ನು ಕಣ್ಣಾರೆ ಕಂಡೆ. ತಡವಾಗಿ ತೆರೆದರೆ ಅಷ್ಟು ನಷ್ಟವಿಲ್ಲ, ಬೇಗ ತೆರೆಯುವುದೇ ದೊಡ್ಡ ತಪ್ಪು.

ಸಂಕಟಗಳೂ ಕಡಿಮೆಯಿಲ್ಲ. ನನ್ನ ವಾಲ್ವಿಗೆ ತೆರೆಯಲು ಸುಮಾರು 30 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ ಒಂದು ಸುತ್ತು ಓಡಿಸಿದಾಗ ಅದು ಲೆಕ್ಕಕ್ಕಿಲ್ಲ. ನಾಲ್ಕು ಸುತ್ತು ಮಾಡಿದರೆ ಒಂದು ಸುತ್ತಿಗೆ 250 ಮಿಲಿಸೆಕೆಂಡ್, ಅದರಲ್ಲಿ ನಾಲ್ಕು ಹಂತ, ಒಂದು ಹಂತಕ್ಕೆ 60 ಚಿಲ್ಲರೆ. ಅರ್ಧ ಹಂತ ವಾಲ್ವ್ ಕಣ್ಣು ಬಿಡುವುದರಲ್ಲೇ ಮುಗಿಯಿತು! ಇನ್ನೊಂದು, ಕಾಯಿಲ್ ಬಿಸಿ. ನನ್ನ ಬೆಡ್ ಕೊಡುವ ತಂಪೇ ಕೆಲವು ವ್ಯಾಟ್, ಅದರ ಪಕ್ಕದಲ್ಲೇ ಅಷ್ಟೇ ವ್ಯಾಟಿನ ಕಾಯಿಲ್ ಇಟ್ಟರೆ ಏನು ಉಳಿಯಿತು? ಎಲ್ಲ ಸೊಲೆನಾಯ್ಡ್‌ಗಳನ್ನೂ ಬಿಸಿ ತುದಿಗೆ ಸಾಗಿಸಿ, ತಣ್ಣನೆ ತುದಿಯಲ್ಲಿ ಬರೀ ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು) ಹಾಕಿದ ಮೇಲೆ ಯಂತ್ರಕ್ಕೆ ಜೀವ ಬಂತು. ಮುಂದೆ ಮಾಡಿದ ಎಲ್ಲದರಲ್ಲೂ ಈ ಜೋಡಣೆಯನ್ನೇ ಇಟ್ಟುಕೊಂಡೆ.

ರೋಟರಿ ವಾಲ್ವ್ ನೋಡಲು ಬಲು ಚೆಂದ. ತೂತು ಕೊರೆದ ಎರಡು ಚಪ್ಪಟೆ ತಟ್ಟೆ, ಒಂದು ಸ್ಥಿರ, ಇನ್ನೊಂದು ಕಾಂತದ ಶಾಫ್ಟಿಗೇ ಕೂತು ತಿರುಗುತ್ತದೆ. ಸಮಯ ತಪ್ಪುವ ಮಾತೇ ಇಲ್ಲ, ಸದ್ದೂ ಇಲ್ಲ. ಎರಡು ದಿನ ಹಿಗ್ಗಿದೆ. ಮೂರನೇ ದಿನ ಅದರ ಮೈ ಮೇಲೆ ಬೆರಳಿಟ್ಟೆ, ಬೆಚ್ಚಗಿತ್ತು. ತಟ್ಟೆಗಳನ್ನು ಬಿಗಿಯಾಗಿ ಒತ್ತಿದರೆ ಉಜ್ಜಿ ಬಿಸಿಯಾಗುತ್ತವೆ, ಮೋಟಾರ್ ಏದುಸಿರು ಬಿಡುತ್ತದೆ. ಸಡಿಲ ಬಿಟ್ಟರೆ ಒಂದು ತೂತಿನ ನೀರು ಪಕ್ಕದ ತೂತಿಗೆ ಜಾರುತ್ತದೆ. ನಡುವಿನ ಹದ ಹುಡುಕಿಕೊಂಡೆ. ಸವೆದ ಹಾಗೆ ಆ ಹದವೂ ಸರಿಯಿತು.

ಕೊನೆಗೆ ಕ್ಯಾಮ್. ಎಂಜಿನ್ನಿನಲ್ಲಿರುವಂತೆ ಶಾಫ್ಟಿನ ಮೇಲಿನ ಉಬ್ಬು ಬಂದು ವಾಲ್ವನ್ನು ಎತ್ತುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಉಜ್ಜಾಟ ಕಡಿಮೆ, ಕಾಯಿಲ್ ಇಲ್ಲ. ಟಕ್ ಟಕ್ ಸದ್ದು ಇದೆ, ಅದನ್ನು ಕ್ಷಮಿಸಬಹುದು. ಒಂದು ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಇನ್ನೊಂದು ಸ್ವಲ್ಪ ತೆರೆದಿರಬೇಕು, ಇಲ್ಲದಿದ್ದರೆ ಪಂಪಿನ ನೀರಿಗೆ ಹೋಗಲು ದಾರಿಯಿಲ್ಲದೆ ಪೈಪೆಲ್ಲ ಅದುರುತ್ತದೆ. ಸೊಲೆನಾಯ್ಡಿನಲ್ಲಿ ಕಂಡುಕೊಂಡ ಸಮಯವನ್ನೇ ಕ್ಯಾಮಿನ ಆಕಾರಕ್ಕೆ ಇಳಿಸಿದೆ. ನನ್ನನ್ನು ಕೇಳಿದರೆ ಇದೇ ಸರಿಯಾದ ಕ್ರಮ: ಹುಡುಕುವುದಕ್ಕೆ ಸೊಲೆನಾಯ್ಡ್, ಓಡಿಸುವುದಕ್ಕೆ ಕ್ಯಾಮ್.

ಎರಡು ಬೆಡ್ಡಿಗೂ ನೀರು ಸಮ ಹೋಗುತ್ತಿದೆ ಅಂತ ಮಾತ್ರ ಯಾವ ವಾಲ್ವಿನಲ್ಲೂ ನಂಬಬೇಡಿ. ನೂರು ಸುತ್ತಿನ ನೀರನ್ನು ಅಳತೆ ಜಾಡಿಗೆ ಹಿಡಿದು ನೋಡಿ. ನನ್ನದರಲ್ಲಿ ಒಂದು ಬೆಡ್ ಸದ್ದಿಲ್ಲದೆ ಜಾಸ್ತಿ ಕುಡಿಯುತ್ತಿತ್ತು.

ಅಂದಹಾಗೆ, 1976ರಲ್ಲಿ ನಾಸಾದ ಬ್ರೌನ್ ಈ ತಲೆನೋವಿಗೇ ಹೋಗಲಿಲ್ಲ. 7 ಟೆಸ್ಲಾ ಕಾಂತ, ಗ್ಯಾಡೊಲಿನಿಯಂ ತಟ್ಟೆಗಳು, ಅವುಗಳ ಸುತ್ತ ನೀರು ಮತ್ತು ಆಲ್ಕೋಹಾಲ್ ತುಂಬಿದ ಕೊಳವೆ. ವಾಲ್ವ್ ಇಲ್ಲ, ಕೊಳವೆಯನ್ನೇ ಮೇಲೆ ಕೆಳಗೆ ಸರಿಸಿದರು. ತಂಪು ಮಾಡಬೇಕಾದ ಹೊರೆ ಏನೂ ಇಲ್ಲದೆ ಎರಡು ತುದಿಗಳ ನಡುವೆ 47 ಡಿಗ್ರಿ ತಾಪಮಾನದ ಅಂತರ ಬಂತು. ಆದರೆ ಆ ತಂಪನ್ನು ಹೊರಗೆ ಸಾಗಿಸಿ ಬಳಸಬೇಕೆಂದರೆ ಮತ್ತೆ ಪೈಪು, ಮತ್ತೆ ವಾಲ್ವ್.

ಕ್ಯಾಮ್ ಕೂರಿಸಿದ ಮೇಲೆ ಪೈಪುಗಳನ್ನು ಕತ್ತರಿಸಿ ಗಿಡ್ಡ ಮಾಡಿ, ಇನ್ನೊಂದು ಹನಿ ನೀಲಿ ಬಿಟ್ಟೆ. ಎರಡನೇ ಹೊಡೆತಕ್ಕೆ ಎಕ್ಸ್‌ಚೇಂಜರ್ ಒಳಗೆ ಮರೆಯಾಯಿತು.